ಬೇಣದ ಮೇಲಿನ ಮಸುಕು ಗ್ಯಾಲಕ್ಸಿ

ನಕ್ಷತ್ರಗಳ ಮೇಲೆ ನನಗೆ ಯಾವತ್ತೂ ಅಂಥ ಪ್ರೀತಿ ಇರಲಿಲ್ಲ, ಈಗಂತೂ ಸಿಟ್ಟೇ ಇದೆ. ಅದು ನನ್ನ ಗಂಡನ ಹುಚ್ಚು. ಶಿರಸಿ ಪೇಟೆಯಲ್ಲಿ ಇನ್ವರ್ಟರ್ ರಿಪೇರಿಯ ಅಂಗಡಿ ಇವರದು. ಸಂಜೆ ಇಸಳೂರಿನ ಮನೆಗೆ ಬಂದು, ಕೈಕಾಲು ತೊಳೆದು, ಚಾ ಕುಡಿದು ಟಾರಸಿ ಹತ್ತಿದರೆಂದರೆ ಊಟಕ್ಕೆ ಕರೆಯಲು ನಾನು ಮೆಟ್ಟಿಲ ಬುಡದಲ್ಲಿ ನಿಂತು ಗಂಟಲು ಹರಿದುಕೊಳ್ಳಬೇಕಿತ್ತು. ಬೇರೆಯವರ ಗಂಡಂದಿರು ಸಂಜೆಯಾದರೆ ಎಲ್ಲೆಲ್ಲಿಗೋ ಹೋಗುತ್ತಾರೆ, ನಿನ್ನ ಗಂಡ ಮೇಲಕ್ಕೆ ತಾನೇ ಹೋಗುವುದು ಎಂದು ನನ್ನ ಅಕ್ಕ ನಗುತ್ತಿದ್ದಳು.

ಚಂದ್ರನದೋ ಶನಿಯ ಬಳೆಯದೋ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಂಚಿ ಭೇಷ್ ಅನ್ನಿಸಿಕೊಂಡಿದ್ದರೆ ನನಗೂ ಒಂದಿಷ್ಟು ಹೆಮ್ಮೆ ಇರುತ್ತಿತ್ತೇನೋ. ಇವರು ಹಾಗಲ್ಲ. ಎಲ್ಲರಿಗೂ ಕಾಣುವುದರ ಫೋಟೋ ತೆಗೆದು ಏನು ಪ್ರಯೋಜನ ಎನ್ನುವ ಮೊಂಡುವಾದ. ಹುಡುಕಿ ಹುಡುಕಿ ಇವರು ಹಿಡಿದುಕೊಂಡದ್ದು ಒಂದೇ ಒಂದು ಗ್ಯಾಲಕ್ಸಿಯನ್ನು. ಉತ್ತರದಲ್ಲಿ ಜಿರಾಫೆ ಎಂಬ ನಕ್ಷತ್ರಪುಂಜವಿದೆಯಂತೆ. ನಾನು ಎಷ್ಟು ಕತ್ತೆತ್ತಿದರೂ ಅಲ್ಲಿ ಜಿರಾಫೆಯಾಗಲಿ ಅದರ ಕತ್ತಾಗಲಿ ಕಂಡದ್ದಿಲ್ಲ, ಅಷ್ಟು ಮಂಕು ನಕ್ಷತ್ರಗಳು. ಅದರ ಬದಿಯಲ್ಲಿ ಒಂದು ಸುರುಳಿ ಗ್ಯಾಲಕ್ಸಿ ನಮ್ಮತ್ತ ಮುಖಮಾಡಿ ಕೂತಿದೆ. ಗ್ಯಾಲಕ್ಸಿಗಳ ಲೆಕ್ಕದಲ್ಲಿ ನೆರೆಮನೆಯೇ ಸರಿ. ಆದರೆ ನಮ್ಮ ಆಕಾಶಗಂಗೆಯ ಧೂಳು ದಟ್ಟವಾಗಿರುವ ಕಡೆಗೇ ಅದು ಬಿದ್ದಿರುವುದರಿಂದ ಅದರ ಬೆಳಕೆಲ್ಲ ದಾರಿಯಲ್ಲೇ ಸೋಸಿಹೋಗುತ್ತದೆ. ಈ ಧೂಳು ಅಡ್ಡ ಇರದಿದ್ದರೆ ಬರಿಗಣ್ಣಿಗೇ ಕಾಣುತ್ತಿತ್ತಂತೆ.

“ದೂರ ಇದ್ದು ಕಾಣ್ತಿಲ್ಲೆ ಅಂದ್ರೆ ಬಿಡು. ಇದು ಬಗಲಲ್ಲೇ ಇದ್ದು ಮಾರಾಯ್ತಿ, ನಮ್ಮನೆ ಧೂಳಿಗೇ ಕಾಣ್ತಿಲ್ಲೆ” ಎಂದು ಇವರು ಕೈಯಾಡಿಸಿ ವಿವರಿಸುತ್ತಿದ್ದರು.

“ನಮ್ಮನೆ ಧೂಳು ಹೊಡೀಲೆ ಒಂದಿನ ಕಸಬರಿಗೆ ಮುಟ್ಟಿದ್ರಿಲ್ಲೆ ನಿಂಗ” ಎಂದು ನಾನು ಅನ್ನುತ್ತಿದ್ದೆ. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಅಷ್ಟರಲ್ಲಿ ಇವರು ಮುಗ್ಗರಿಸುವುದು ಶುರುವಾಯಿತು. ಒಂದು ಮುಸ್ಸಂಜೆ ಮನೆಯೆದುರಿನ ಗಟಾರಕ್ಕೆ ಕಾಲಿಟ್ಟರು. ಹೊಸ ಬಡಾವಣೆ, ಗಟಾರಕ್ಕೆ ಇನ್ನೂ ಹಾಸುಗಲ್ಲು ಬಿದ್ದಿರಲಿಲ್ಲ, ಹಾಗಾಗಿ ಪಂಚಾಯತಿಯವರಿಗೆ ಬೈದೆವು. ಕೆಲವು ದಿನ ಕಳೆದು ಬೀದಿಯಲ್ಲಿ ನಿಲ್ಲಿಸಿಟ್ಟ ಬೈಕಿಗೆ ಹೋಗಿ ಹಾಯ್ದರು, ಆಗ ಬೈಕಿನವನಿಗೆ ಬೈದೆವು. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದಿಂದ ಸೌಟು ಬಂದದ್ದು ತಿಳಿಯದೆ ಕೈ ಅಡ್ಡ ತಂದು ಬಿಸಿ ಸಾರನ್ನು ಮೈಮೇಲೆ ಚೆಲ್ಲಿಸಿಕೊಂಡಾಗ ಬೈಯಲು ಯಾರೂ ಸಿಗಲಿಲ್ಲ. ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಬಳಿ ಹೋದೆವು.

ಆ ಡಾಕ್ಟರು ಒಳ್ಳೆಯವರು. ಇವರ ಕಣ್ಣಿಗೆ ಹನಿ ಹಾಕಿ ಬಹಳ ಹೊತ್ತು ನೋಡಿ, ಆಮೇಲೆ ನನ್ನ ಕಡೆ ತಿರುಗಿ ಕೂರಲು ಹೇಳಿದರು. “ಕುಂದರ್ರಿ ಅಕ್ಕಾರ. ಕಣ್ಣಿನ ಒಳಗಿನ ಪರದೆ ಸವೆಯಾಕ ಹತ್ತೇತಿ. ಕತ್ತಲದಾಗ ಕಾಣೂದು ಮೊದಲ ಹೋಗತೈತ್ರಿ, ಆಮ್ಯಾಲೆ ಬಾಜೂದು. ನಟ್ಟನಡುವಿಂದು ಕಡೀಕ. ಎಷ್ಟು ವರ್ಷ ಅಂತ ನನಗ ಹೇಳಾಕ ಬರಂಗಿಲ್ಲ, ಔಷಧಾನೂ ಇಲ್ರಿ.” ಇಷ್ಟು ಹೇಳಿ ಅವರು ಇವರ ಭುಜದ ಮೇಲೆ ಕೈಯಿಟ್ಟರು. ನನಗೆ ಆ ಕೈಯನ್ನು ಕಿತ್ತೆಸೆಯಬೇಕು ಅನ್ನಿಸಿತು.

ವಾಪಸು ಬರುವ ಬಸ್ಸಿನಲ್ಲಿ ಇವರು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಅಂಗಡಿಯ ಚಿಂತೆಯಿರಬೇಕು ಎಂದುಕೊಂಡೆ. ಮುಂಡಗೋಡ ದಾಟಿದ ಮೇಲೆ ಬಾಯಿ ಬಿಟ್ಟರು. “ಕಣ್ಣು ಪೂರ್ತಿ ಹೋಪದ್ರೊಳಗೆ ಆ ಗ್ಯಾಲಕ್ಸಿ ಫೋಟೋ ಮುಗಿಸವು. ಒಂದ್ಸಲ ಕಣ್ತುಂಬ ನೋಡವು. ಮತ್ತೆ ಎಂತಾದ್ರೂ ಆಗ್ಲಿ.” ಲೋಕದಲ್ಲಿ ನೋಡುವಂಥದ್ದು ಇನ್ನೇನೂ ಇಲ್ಲವೇ, ಪಕ್ಕದಲ್ಲಿ ಹೆಂಡತಿ ಕೂತಿದ್ದಾಳೆ ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಅಂದಿನಿಂದ ಆ ಗ್ಯಾಲಕ್ಸಿ ನನ್ನದೂ ಆಯಿತು.

ಇದರ ಫೋಟೋ ಎಂದರೆ ಒಂದು ಸಲ ಬಟನ್ ಒತ್ತಿ ಆಗುವ ಕೆಲಸವಲ್ಲ. ಕ್ಯಾಮೆರಾ ಆಕಾಶದ ಜೊತೆಗೇ ನಿಧಾನಕ್ಕೆ ತಿರುಗಬೇಕು, ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಕಣ್ಣು ತೆರೆದಿರಬೇಕು, ಅಂಥ ನೂರಾರು ಚಿತ್ರಗಳನ್ನು ಹಲವು ಸಂಜೆ ಕೂಡಿಹಾಕಿ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಬೇಕು. ಆಮೇಲೆ ಎಲ್ಲೋ ಒಂದಿಷ್ಟು ಕಾಣುತ್ತದೆ. ಕ್ಯಾಮೆರಾ ಸರಿಯಾಗಿ ತಿರುಗಬೇಕೆಂದರೆ ಮೊದಲು ಧ್ರುವ ನಕ್ಷತ್ರಕ್ಕೆ ಗುರಿ ಕಟ್ಟಬೇಕು. ನಮ್ಮ ಸೀಮೆಯಲ್ಲಿ ಧ್ರುವ ತೀರಾ ಕೆಳಗೆ, ಮರದ ತಲೆಗೆ ಸಿಕ್ಕಿಹಾಕಿಕೊಳ್ಳುವಷ್ಟು ಕೆಳಗೆ ಇರುತ್ತದೆ. ಇಸಳೂರಿನ ನಮ್ಮ ಟಾರಸಿಯಿಂದ ಆ ದಿಕ್ಕಿನಲ್ಲಿ ಕಾಣುವುದು ಬೀದಿದೀಪ ಮಾತ್ರ.

ಯಲ್ಲಾಪುರ ರಸ್ತೆಯಲ್ಲಿ ಒಳಗೆ ಹೋದರೆ ನನ್ನ ಸೋದರಮಾವನ ಊರು. ಅವನಿಗೆ ಸೇರಿದ ಒಂದು ಬೇಣವಿದೆ, ದನ ಮೇಯಲೆಂದು ಬಿಟ್ಟ ಬೋಳು ಹುಲ್ಲುಗುಡ್ಡ. ಉತ್ತರಕ್ಕೆ ಕಾಡು ಬಿಟ್ಟರೆ ಒಂದು ದೀಪವಿಲ್ಲ. ಚಳಿಗಾಲದಲ್ಲಿ ಕತ್ತಲಾದ ಸ್ವಲ್ಪ ಹೊತ್ತಿಗೇ ಆ ಗ್ಯಾಲಕ್ಸಿ ಕಾಡಿನ ಮೇಲೆ ಬಂದಿರುತ್ತದೆ. ಚಂದ್ರನ ಬೆಳಕು ಆಗದು, ಹಾಗಾಗಿ ಅಮಾವಾಸ್ಯೆಯ ಆಚೀಚೆ ಮಾತ್ರ ಹೋಗಬೇಕು. ಕಾರು ಓಡಿಸುವವಳು ನಾನು. ಹಗಲಿಡೀ ಸೊಸೈಟಿಯಲ್ಲಿ ಗುಮಾಸ್ತೆಯ ಕೆಲಸ ಮಾಡಿ, ಸಂಜೆ ಗಂಡನನ್ನೂ ಅವರ ಪೆಟ್ಟಿಗೆಗಳನ್ನೂ ತುಂಬಿಕೊಂಡು ಗುಡ್ಡ ಹತ್ತುತ್ತಿದ್ದೆ.

ಪ್ರತಿಸಲ ಗುರಿ ಕಟ್ಟುವುದರಲ್ಲೇ ಇವರಿಗೆ ಅರ್ಧ ಸಂಜೆ ಕಳೆಯುತ್ತಿತ್ತು. ಧ್ರುವ ಇವರ ಕಣ್ಣಿಗೆ ಒಮ್ಮೆ ಸಿಕ್ಕಿದರೆ ಮತ್ತೊಮ್ಮೆ ಜಾರುತ್ತಿತ್ತು. ಅದಕ್ಕೇ ಇವರು ಒಂದು ಉಪಾಯ ಮಾಡಿದರು. ಬೇಣದ ಮೇಲೆ ಕಾಂಕ್ರೀಟಿನಲ್ಲಿ ಒಂದು ಕಬ್ಬಿಣದ ಕಂಬ ಹುಗಿದು, ಕಣ್ಣು ಇನ್ನೂ ಅಷ್ಟಿಷ್ಟು ಇರುವಾಗಲೇ ಒಂದು ಸಲ ಸರಿಯಾಗಿ ಗುರಿ ಕಟ್ಟಿ ಬೋಲ್ಟು ಬಿಗಿದುಬಿಡುವುದು. ಆಮೇಲೆ ಕಣ್ಣು ಬೇಡ, ಕೈಯಲ್ಲಿ ತಡವಿ ಕ್ಯಾಮೆರಾ ಕೂರಿಸಿದರೆ ಸಾಕು.

ಸೋದರಮಾವ ಒಪ್ಪಿದ. ಆದರೆ ಗುದ್ದಲಿ ಎತ್ತಿದೊಡನೆ ತಡೆದ. “ಭೂಮಿ ಅಗೆಯಕಾದ್ರೆ ಒಂದು ಕಾಯಿ ಒಡೀದೇ ಇದ್ರೆ ಹ್ಯಾಂಗೆ? ನಾಳೆ ಎಂತಾದ್ರೂ ಆದ್ರೆ ಯಾರು ಜವಾಬ್ದಾರಿ?” ಇದರಲ್ಲಿ ನಮಗೂ ಆಕ್ಷೇಪವಿರಲಿಲ್ಲ, ದನದ ಕೊಟ್ಟಿಗೆಗೂ ಬೋರ್‌ವೆಲ್ಲಿಗೂ ಪೂಜೆಯಿಲ್ಲದೆ ಯಾರು ಗುದ್ದಲಿ ಹಾಕುತ್ತಾರೆ? ಅವನೇ ಮನೆಯಿಂದ ಹರಿವಾಣ ತಂದ. ಗುಂಡಿಗೆ ಅರಿಶಿನ ಕುಂಕುಮ ಏರಿಸಿ, ದಾಸವಾಳ ಇಟ್ಟು, ನಾಲ್ಕು ಮೂಲೆಗೆ ಲಿಂಬೆಹಣ್ಣು ಕತ್ತರಿಸಿ ಹಾಕಿ, ಕಾಯಿ ಒಡೆದೆವು. ಅವತ್ತು ಅಮಾವಾಸ್ಯೆ. ಹೊತ್ತು ಮುಳುಗಿತ್ತು. ಬಿಳಿ ಬೆಳಕಾದರೆ ಕಣ್ಣು ಕೋರೈಸುತ್ತದೆಂದು ನಮ್ಮ ಟಾರ್ಚಿಗೆ ಯಾವಾಗಲೂ ಕೆಂಪು ಕಾಗದ ಸುತ್ತಿರುತ್ತಿತ್ತು. ಅಲ್ಲೇ ಬದಿಗೆ, ಬೇಲಿಯ ಹತ್ತಿರ, ಹಳೇ ವೀರಗಲ್ಲೊಂದು ನಿಂತಿದೆ. ಈಗ ನೀವು ಬೇಲಿಯಾಚೆಯ ಗದ್ದೆಯಲ್ಲಿ ನಿಂತು ನೋಡುತ್ತಿದ್ದೀರಿ ಅಂದುಕೊಳ್ಳಿ. ಅಮಾವಾಸ್ಯೆಯ ಕತ್ತಲು, ವೀರಗಲ್ಲಿನ ಪಕ್ಕ ಹೊಸದಾಗಿ ತೋಡಿದ ಗುಂಡಿ, ಕುಂಕುಮ, ಲಿಂಬೆಹಣ್ಣು, ಕೆಂಪು ಬೆಳಕಿನಲ್ಲಿ ಪೇಟೆಯಿಂದ ಬಂದ ಗಂಡ ಹೆಂಡತಿ. ನಿಮಗಾದರೂ ಏನನ್ನಿಸುತ್ತಿತ್ತು?

ನಮಗೆ ಆಗ ಅದೊಂದೂ ಹೊಳೆಯಲಿಲ್ಲ. ಕಾಂಕ್ರೀಟು ಗಟ್ಟಿಯಾದ ಮೇಲೆ ಇವರು ಒಂದು ಸಂಜೆಯಿಡೀ ಮಂಡಿಯೂರಿ, ಕಣ್ಣಲ್ಲಿ ನೀರು ಸುರಿಸುತ್ತ ಧ್ರುವನನ್ನು ಹಿಡಿದರು. ಬೋಲ್ಟು ಬಿಗಿದು, ಕಂಬವನ್ನು ಎಮ್ಮೆಯ ಬೆನ್ನು ಸವರುವ ಹಾಗೆ ಸವರಿದರು. ಚಂದ್ರ ಬೆಳೆದು ಅಡ್ಡ ಬರುವವರೆಗೆ ಕೆಲವು ಸಂಜೆ ಒಳ್ಳೆಯ ಕೆಲಸ ನಡೆಯಿತು. ಆ ದಿನಗಳಲ್ಲಿ ಇವರು ಕಾರಿನಲ್ಲಿ ಸಿಳ್ಳೆ ಹಾಕುತ್ತಿದ್ದರು. ನಾನು ಅಷ್ಟು ನೆಮ್ಮದಿಯಿಂದ ಗೇರ್ ಬದಲಿಸಿದ ನೆನಪು ಬೇರೆ ಇಲ್ಲ.

ಮುಂದಿನ ಕತ್ತಲ ಪಕ್ಷದಲ್ಲಿ ಹೋದಾಗ ಕಂಬ ಇರಲಿಲ್ಲ. ಇತ್ತು, ಬಿದ್ದಿತ್ತು. ಅದರ ಬುಡವನ್ನು ಒಡೆದು, ಆಳುದ್ದ ಅಗೆದು, ಮಣ್ಣನ್ನು ಸುತ್ತ ಗುಡ್ಡೆ ಹಾಕಿದ್ದರು. ಅಲ್ಲಿ ಏನೂ ಸಿಗದೆ ವೀರಗಲ್ಲಿನ ಬುಡಕ್ಕೂ ಕೈ ಹಾಕಿದ್ದರು, ಅದು ಒಂದು ಕಡೆ ವಾಲಿತ್ತು. ಊರಿನಲ್ಲಿ ಗುಲ್ಲೆದ್ದು ಎಷ್ಟೋ ದಿನವಾಗಿತ್ತಂತೆ. ಶಿರಸಿಯವರು ನಿಧಿ ತೆಗೆದರು ಎಂದು ಕೆಲವರು, ತೆಗೆದಿಲ್ಲ, ಗುರುತಿಗೆ ಕಂಬ ಹುಗಿದು ಹೋಗಿದ್ದಾರೆ ಎಂದು ಉಳಿದವರು. ಎರಡನೆಯ ಪಕ್ಷದವರು ಯಾರೋ ಬಂದು ಅಗೆದಿದ್ದರು. ಇವರು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಂಬದ ತುದಿಯ ಬೋಲ್ಟನ್ನು ಬೆರಳಿನಿಂದ ಮುಟ್ಟಿ ನೋಡಿದರು. ಬೋಲ್ಟು ಬಿಗಿಯಾಗಿಯೇ ಇತ್ತು. ಕಂಬವೇ ನೆಲದಲ್ಲಿದ್ದ ಮೇಲೆ ಅದರಿಂದೇನು.

ಬೇಲಿಯಾಚೆಯ ಗದ್ದೆಯ ರೈತ ಅಷ್ಟರಲ್ಲಿ ಬಂದ. ಸಭ್ಯ ಮನುಷ್ಯ, ನನ್ನ ಸೋದರಮಾವನ ಜೊತೆ ಕೊಡುಕೊಳ್ಳುವಿಕೆ ಇದ್ದವನು. ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದು ಹೇಳಿದ. “ಅಕ್ಕಾ, ಎಷ್ಟು ಸಿಕ್ತು ಅಂತ ನಾ ಕೇಳೂದಿಲ್ಲ. ಆದ್ರೆ ನಮ್ಮ ಬೇಲಿ ಬಗಲಿಗೇ ಸಿಕ್ಕಿದ್ದಲ್ವ, ನಮಗೂ ಒಂದು ಮಾತು ಹೇಳ್ಬೇಕಿತ್ತು.”

ನನಗೆ ಸಿಟ್ಟು ನೆತ್ತಿಗೇರಿತು. ಕಾರಿನಿಂದ ಲ್ಯಾಪ್‌ಟಾಪು ತಂದು ಬಾನೆಟ್ಟಿನ ಮೇಲೆ ತೆರೆದಿಟ್ಟೆ. ನಾವು ತೆಗೆದದ್ದು ಇದು, ನೋಡು ಎಂದು ಹಿಂದಿನ ತಿಂಗಳ ಒಂದು ಚಿತ್ರ ತೋರಿಸಿದೆ. ಬೂದುಬಣ್ಣದ ಪರದೆ, ಅದರ ಮೇಲೆ ಚುಕ್ಕಿಗಳು.

“ಇದರಲ್ಲಿ ಎಂತ ಇದೆ?”

“ಗ್ಯಾಲಕ್ಸಿ. ಇದೊಂದರಲ್ಲಿ ಕಾಣೂದಿಲ್ಲ. ಇಂಥ ನೂರಾರು ಸೇರಿಸಿದ ಮೇಲೆ ಕಾಣ್ತದೆ.”

“ಅಂದ್ರೆ ಈಗ ಎಂತದೂ ಇಲ್ಲ.”

“ಇದೆ ಮಾರಾಯಾ. ಧೂಳು ಅಡ್ಡ ಬಂದು ಕಾಣೂದಿಲ್ಲ ಅಷ್ಟೆ.”

ಅವನು ಪರದೆಯನ್ನೂ ನನ್ನನ್ನೂ ನೋಡಿ, “ನಿಧಿನೂ ಹಂಗೇ ಅಲ್ವ ಅಕ್ಕಾ” ಅಂದ.

ಇವರು ನಕ್ಕರು. ಆ ಸಂಜೆ ನಕ್ಕವರು ಇವರೊಬ್ಬರೇ. ಪೊಲೀಸರಿಗೆ ಹೇಳೋಣವೆಂದು ನಾನು ಹಾರಾಡಿದೆ. ಸೋದರಮಾವ ಕೈಮುಗಿದ. ನಾವು ಕಾರು ಹತ್ತಿ ಹೋಗುವವರು, ಅವನು ಅದೇ ಊರಲ್ಲಿ ಬಾಳಬೇಕಾದವನು. ಈ ವರ್ಷ ಬಿಟ್ಟುಬಿಡಿ, ಮಾತು ತಣ್ಣಗಾಗಲಿ ಎಂದ. ಅವನ ಮೇಲೆ ಸಿಟ್ಟು ಮಾಡುವ ಹಾಗಿರಲಿಲ್ಲ, ಯಾಕೆಂದರೆ ಅವನು ಹೇಳಿದ್ದು ಸರಿಯಾಗಿತ್ತು. ಆದರೆ ಹಾಳಾದ ಆ ಒಂದು ವರ್ಷವನ್ನು ಬಿಟ್ಟುಕೊಡುವಷ್ಟು ವರ್ಷಗಳು ನಮ್ಮ ಕೈಯಲ್ಲಿ ಇರಲಿಲ್ಲ. ಬಾನು ಶುಭ್ರವಾಗಿದ್ದ ಒಂದೊಂದು ಸಂಜೆಯೂ ನಾನು ಮನೆಯ ಬಾಗಿಲು ಹಾಕಿಕೊಂಡು ಟಿವಿ ಜೋರಾಗಿ ಇಡುತ್ತಿದ್ದೆ.

ಮಳೆಗಾಲ ಕಳೆಯುವುದರೊಳಗೆ ಇವರ ಕಣ್ಣು ಇನ್ನಷ್ಟು ಕಿರಿದಾಯಿತು. ಅನ್ನದ ತಟ್ಟೆಯಲ್ಲಿ ಪಲ್ಯ ಕಂಡರೆ ಚಟ್ನಿ ಕಾಣದು. ಅಂಗಡಿಯಲ್ಲಿ ಬೆಸುಗೆ ಹಾಕಲು ಹೋಗಿ ಬೆರಳು ಸುಟ್ಟುಕೊಂಡ ಮೇಲೆ ಆ ಕೆಲಸ ಬಿಟ್ಟರು. ಬ್ಯಾಟರಿಗೆ ನೀರು ಹಾಕುವುದು, ವೈರು ಮುಟ್ಟಿ ಜೋಡಿಸುವುದು, ಇಷ್ಟರಲ್ಲಿ ದಿನ ನಡೆಯುತ್ತಿತ್ತು. ಗಿರಾಕಿಗಳು ಮೊದಲಿನ ಹಾಗೇ ಮಾತಾಡಿಸುತ್ತಿದ್ದರು, ಆದರೆ ಕೆಟ್ಟ ಇನ್ವರ್ಟರನ್ನು ಬೇರೆ ಅಂಗಡಿಗೆ ಒಯ್ಯುತ್ತಿದ್ದರು.

ಮರುವರ್ಷದ ಚಳಿಗಾಲಕ್ಕೆ ಸೋದರಮಾವ ಊರವರ ಜೊತೆ ಮಾತಾಡಿ ದಾರಿ ಮಾಡಿಕೊಟ್ಟ. ನೆಲ ಅಗೆಯುವಂತಿಲ್ಲ, ಅಮಾವಾಸ್ಯೆಯ ದಿನ ಬರುವಂತಿಲ್ಲ, ಊರಿನವರೊಬ್ಬರು ಜೊತೆಗಿರಬೇಕು. ಹಾಗೆ ಜೊತೆಗಿರಲು ಬಂದವನು ಬೇಲಿಯಾಚೆಯ ಅದೇ ರೈತ. ಕಂಬಳಿ ಹೊದ್ದು ಕೂತು ನಮ್ಮನ್ನು ಕಾಯುತ್ತಿದ್ದ. ಆಗಾಗ ಹಾವಿದೆಯೋ ಎಂದು ಟಾರ್ಚು ಬಿಟ್ಟು ಒಂದೊಂದು ಚಿತ್ರ ಹಾಳುಮಾಡುತ್ತಿದ್ದ.

ಈಗ ಗುರಿ ಕಟ್ಟಬೇಕಾದವಳು ನಾನು. ಧ್ರುವ ಕೆಳಗಿರುವುದರಿಂದ ಹುಲ್ಲಿನ ಮೇಲೆ ಬೋರಲು ಮಲಗಿ, ಕತ್ತು ಮುರಿದುಕೊಂಡು ನೋಡಬೇಕು. ಇವರು ಚಾಪೆಯ ಮೇಲೆ ಕೂತು ಹೇಳುತ್ತಿದ್ದರು, ಎಡಕ್ಕೆ, ಇನ್ನೂ ಒಂಚೂರು, ರಾಶಿ ಆತು, ಹಿಂದೆ ಬಾ. ನಾನು ಇವರನ್ನೂ ಧ್ರುವನನ್ನೂ ಅವನ ಅಪ್ಪನನ್ನೂ ಬೈಯುತ್ತ ಸ್ಕ್ರೂ ತಿರುಗಿಸುತ್ತಿದ್ದೆ. ಅಡಿಕೆಕೊನೆ ಕೊಯ್ಯುವ ಕಾಲ, ಕೆಳಗೆ ಅದನ್ನು ಬೇಯಿಸುವ ಒಲೆಗಳ ಹೊಗೆ ಕಣಿವೆಯಿಂದ ಎದ್ದು ಉತ್ತರಕ್ಕೇ ಕವಿಯುತ್ತಿತ್ತು. ವಾಸನೆಯ ಮೇಲೆ ಇವರು ತಿಳಿದುಕೊಂಡು, ತಡಿ, ಗಾಳಿ ತಿರುಗಲಿ ಅನ್ನುತ್ತಿದ್ದರು. ಕಾಯುತ್ತಿದ್ದೆವು. ಕ್ಯಾಮೆರಾದ ಸದ್ದಿಗೆ ಇವರು ಕಿವಿಗೊಟ್ಟು ಕೂತಿರುತ್ತಿದ್ದರು. ಶಿವರಾತ್ರಿಯ ಹೊತ್ತಿಗೆ ಸಾಕಷ್ಟು ಬೆಳಕು ಕೂಡಿಬಂತು.

ಪೇರಿಸುವ ಕೆಲಸ ರಜಾದಿನಗಳಲ್ಲಿ, ಹಗಲು, ಪರದೆ ಎಳೆದ ಕೋಣೆಯಲ್ಲಿ ನಡೆಯಿತು. ಇವರು ಪಕ್ಕದ ಕುರ್ಚಿಯಲ್ಲಿ. ಒಂದು ಸಲ ಹಿನ್ನೆಲೆಯಲ್ಲಿ ಕಂದುಬಣ್ಣದ ಕಲೆಯ ಹಾಗೆ ಏನೋ ಹರಡಿತ್ತು, ನಾನು ಅದನ್ನು ಅಳಿಸಿದೆ.

“ಈಗ ರಾಶಿ ಸ್ವಚ್ಛ ಆತು” ಅಂದೆ.

“ಸ್ವಚ್ಛ ಆತು ಅಂದ್ರೆ ತಪ್ಪಾತು. ಧೂಳು ಇರವು ಅಲ್ಲಿ. ಧೂಳಿನ ಜೊತಿಗೆ ಗ್ಯಾಲಕ್ಸಿ ತೋಳನ್ನೂ ವರೆಸಿಹಾಕಿದ್ದೆ ನೀನು.”

ಮತ್ತೆ ಮೊದಲಿನಿಂದ ಮಾಡಿದೆ. ಈ ಸಲ ಧೂಳನ್ನು ಬಿಟ್ಟೆ. ಬೆಳಕನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಿದ್ದ ಹಾಗೆ ನಡುವೆ ಒಂದು ಹಳದಿ ಬೊಟ್ಟು, ಅದರಿಂದ ಸುತ್ತಿಕೊಂಡು ಹೊರಟ ಮಂಕು ತೋಳುಗಳು ಮೂಡಿದವು. ಯಾರೋ ಗೊತ್ತಿಲ್ಲದೆ ಕಾಲಿಟ್ಟು ಅಳಿಸಿದ ರಂಗೋಲಿಯ ಹಾಗಿತ್ತು. ಇಷ್ಟು ದಿನ ಇಲ್ಲ, ಇಲ್ಲ ಎಂದುಕೊಂಡದ್ದು ಅಲ್ಲೇ ಇತ್ತು. ಬಂತು, ಬಂತು ನೋಡಿ ಎಂದು ಇವರ ಕುರ್ಚಿಯನ್ನೇ ಎಳೆದೆ.

ಇವರು ಮೂಗು ತಾಗುವಷ್ಟು ಹತ್ತಿರ ಹೋದರು. ಒಂದೆರಡು ದೊಡ್ಡ ನಕ್ಷತ್ರ ಕಾಣುತ್ತಿದೆ ಅಂದರು, ಮತ್ತೆಲ್ಲ ಕಪ್ಪು. ಬೆಳಕು ಏರಿಸಿದೆ. ಕಪ್ಪನ್ನು ಬಿಳಿ ಮಾಡಿ, ಬಿಳಿಯನ್ನು ಕಪ್ಪು ಮಾಡಿದೆ. ಕಡೆಗೆ ಪೇಟೆಗೆ ಹೋಗಿ ಅದನ್ನು ದೊಡ್ಡ ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ಬಂದೆ, ಬಿಳಿ ಆಕಾಶದ ಮೇಲೆ ಕಪ್ಪು ಗ್ಯಾಲಕ್ಸಿ. ಮಧ್ಯಾಹ್ನದ ಬಿಸಿಲು ನೇರ ಬೀಳುವ ಕಿಟಕಿಯ ಬಳಿ ಮೇಜು ಎಳೆದು, ಕಾಗದ ಹಾಸಿ, ಇವರ ತೋರುಬೆರಳು ಹಿಡಿದು ನಟ್ಟನಡುವಿನ ಬೊಟ್ಟಿನ ಮೇಲಿಟ್ಟೆ. ಇಲ್ಲಿಂದ ಹೀಗೆ ಒಂದು ತೋಳು, ಇಲ್ಲಿಂದ ಹೀಗೆ ಇನ್ನೊಂದು ಎಂದು ಬೆರಳನ್ನು ಎಳೆದುಕೊಂಡು ಹೋದೆ.

ಇವರು ಬಾಗಿ ನೋಡಿದರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ಕಾಗದವನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿದರು. ಹೌದು ಎನ್ನಲಿ ದೇವರೇ, ಸುಳ್ಳಾದರೂ ಸರಿ, ಒಂದು ಸಲ ಹೌದು ಎನ್ನಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

“ಕಾಣ್ತಿಲ್ಲೆ” ಅಂದರು.

“ಯಂಗೆ ಕಾಣ್ತಾ ಇದ್ದು. ರಾಶಿ ಚೊಲೊ ಬೈಂದು. ಇಬ್ರಲ್ಲಿ ಒಬ್ರಿಗೆ ಕಂಡ್ರೆ ಸಾಕಲ್ದ?”

“ನಿಂಗೆ ಕಂಡಿದ್ದು ಒಳ್ಳೇದಾತು.” ಕಾಗದವನ್ನು ಮೆಲ್ಲಗೆ ಸುರುಳಿ ಸುತ್ತುತ್ತ ಹೇಳಿದರು. “ಆದ್ರೆ ಯಂಗೆ ಸಾಲ್ತಿಲ್ಲೆ.”

ನಾನು ಅಡಿಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದೆ. ಯಾರ ಮೇಲೆ ಸಿಟ್ಟೋ ಗೊತ್ತಾಗಲಿಲ್ಲ. ಕಂಬ ಕಿತ್ತವರ ಮೇಲೆ ಇತ್ತು, ಕಳೆದುಹೋದ ಆ ಒಂದು ಚಳಿಗಾಲದ ಮೇಲೆ ಇತ್ತು. ಹಿಂದಿನ ವರ್ಷವಾಗಿದ್ದರೆ ಇವರಿಗೆ ಕಾಣುತ್ತಿತ್ತು.

ಆ ಫೋಟೋವನ್ನು ಇವರ ಹೆಸರಿನಲ್ಲೇ ಹವ್ಯಾಸಿಗಳ ಗುಂಪಿಗೆ ಹಾಕಿದೆ. ಎಲ್ಲೆಲ್ಲಿಂದಲೋ ಹೊಗಳಿಕೆ ಬಂತು, ಓದಿ ಹೇಳಿದೆ, ಕೇಳಿಸಿಕೊಂಡರು. ಈಗ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಾಗಿದೆ. ಪೆಟ್ಟಿಗೆಗಳು ಅಟ್ಟದಲ್ಲಿವೆ. ಗ್ಯಾಲಕ್ಸಿಯ ಮಾತು ಮನೆಯಲ್ಲಿ ಬರುವುದಿಲ್ಲ.

ಈ ವರ್ಷದ ಚಳಿಗಾಲ ನಾನು ಕಂಡ ಚಳಿಗಾಲಗಳಲ್ಲೇ ಶುಭ್ರವಾದದ್ದು. ಮೊನ್ನೆ ಊಟವಾದ ಮೇಲೆ ಒಣಗಿದ ಬಟ್ಟೆ ತರಲು ಟಾರಸಿಗೆ ಹೋದೆ. ಕರೆಂಟು ಹೋಗಿ ಬಡಾವಣೆಯೆಲ್ಲ ಕತ್ತಲು. ಉತ್ತರದಲ್ಲಿ ಚುಕ್ಕಿಗಳು ಕಿಕ್ಕಿರಿದು ತುಂಬಿಕೊಂಡಿದ್ದವು. ಬಟ್ಟೆಗಳನ್ನು ಎದೆಗೆ ಅವುಚಿಕೊಂಡು ಎಷ್ಟೋ ಹೊತ್ತು ನಿಂತುಬಿಟ್ಟೆ. ಕೆಳಗೆ ಬಂದಾಗ ಇವರು ಮಂಚದ ಮೇಲೆ ಎದ್ದು ಕೂತಿದ್ದರು.

“ಆಕಾಶ ಹ್ಯಾಂಗಿದ್ದು?” ಎಂದು ಕೇಳಿದರು. ವರ್ಷವಾಗಿತ್ತು ಇವರು ಇದನ್ನು ಕೇಳದೆ.

“ಮೋಡ ಕಟ್ಟಿದ್ದು” ಅಂದೆ. “ಒಂದು ಚುಕ್ಕಿನೂ ಇಲ್ಲೆ.”

ಇವರು ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಮಲಗಿದರು.

“ಮೋಡ ಇದ್ದಿದ್ರೆ ಇಷ್ಟು ಚಳಿ ಆಗ್ತಿತ್ತಿಲ್ಲೆ” ಅಂದರು.